ಬಂದ ನೀರಿಗೆ ಹೋಗುವ ದಾರಿಯೂ ಬೇಕು

ಮಣ್ಣು ಪರೀಕ್ಷೆ ನನ್ನ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ರೈತರು ಬಟ್ಟೆ ಚೀಲದಲ್ಲಿ ಕಟ್ಟಿ ತರುವ ಮಣ್ಣನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಅದರಲ್ಲಿ ಏನಿದೆ, ಏನು ಕಡಿಮೆಯಾಗಿದೆ ಎಂದು ಬರೆದುಕೊಡುತ್ತೇನೆ. ಬಂದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಯಾವ ಗೊಬ್ಬರ ಎಷ್ಟು ಹಾಕಬೇಕ್ರೀ ಅಕ್ಕಾರ?" ಆದರೆ ಬೇಸಿಗೆಯಲ್ಲಿ ಬರುವ ಕೆಲವು ಚೀಲಗಳಿಗೆ ಯಾವ ಗೊಬ್ಬರವೂ ಉತ್ತರವಲ್ಲ. ಗಂಟು ಬಿಚ್ಚಿದ ಕೂಡಲೇ ತಿಳಿಯುತ್ತದೆ. ಕಪ್ಪು ಎರೆಮಣ್ಣಿನ ಹೆಂಟೆಗಳ ಮೇಲೆ ತೆಳ್ಳಗೆ ಬಿಳಿ ಪುಡಿ ಕೂತಿರುತ್ತದೆ, ಬೆರಳಿಂದ ಉಜ್ಜಿದರೆ ಉದುರುತ್ತದೆ. ಅದು ಉಪ್ಪು. ನಮ್ಮ ಕಡೆ ಅಂಥ ಹೊಲಕ್ಕೆ ಸವಳು ಹತ್ತಿದೆ ಅನ್ನುತ್ತಾರೆ.

ಸಿಂಧನೂರು ತಾಲ್ಲೂಕಿನ ಹಿರಿಯರೊಬ್ಬರು ಅಂಥ ಚೀಲ ತಂದಿದ್ದರು. ಹಳ್ಳದ ದಂಡೆಯ ತಗ್ಗು ಹೊಲದ ಮಣ್ಣು. ಯೂರಿಯಾ ಹೆಚ್ಚು ಹಾಕಿ ನೋಡಿದ್ದರು, ಬೀಜ ಬದಲಿಸಿದ್ದರು, ಔಷಧಿ ಅಂಗಡಿಯವನು ಕೊಟ್ಟದ್ದನ್ನೆಲ್ಲ ಸಿಂಪಡಿಸಿದ್ದರು. "ನೀರು ಇಲ್ಲದಾಗ ಈ ಹೊಲ್ದಾಗ ಬಿಳಿಜೋಳ ಆಳೆತ್ತರ ಬರ್ತಿತ್ತು ಯವ್ವಾ. ನೀರು ಬಂತು, ಭತ್ತ ಒಂದಿಷ್ಟು ವರ್ಷ ಚಲೋ ಬಂತು. ಈಗ ನೀರು ಕಾಲಾಗ ನಿಂತೈತಿ, ಪೈರು ಮಾತ್ರ ಏಳವಲ್ದು" ಎಂದರು. ಅವರ ಈ ಮಾತಿನಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ಎಪ್ಪತ್ತು ವರ್ಷಗಳ ಚರಿತ್ರೆ ಇದೆ. ಹೊಲಕ್ಕೆ ನೀರು ತರುವುದು ನೀರಾವರಿಯ ಅರ್ಧ ಕೆಲಸ. ಹೆಚ್ಚಾದ ನೀರನ್ನು ಹೊಲದಿಂದ ಹೊರಗೆ ಕಳಿಸುವುದು ಉಳಿದರ್ಧ. ಮೊದಲರ್ಧವನ್ನು ನಾವು ಹೆಮ್ಮೆಯಿಂದ ಮಾಡಿದೆವು, ಉಳಿದರ್ಧವನ್ನು ಮರೆತೆವು. ಅದರ ಬೆಲೆಯನ್ನು ಈಗ ಮಣ್ಣು ತೆರುತ್ತಿದೆ.

ಉಪ್ಪು ಎಲ್ಲಿಂದ ಬರುತ್ತದೆ?

ಕಾಲುವೆಯ ನೀರು ಸಿಹಿನೀರು, ಅದರಲ್ಲಿ ಉಪ್ಪೆಲ್ಲಿ ಎಂದು ಬಹಳ ಜನ ಕೇಳುತ್ತಾರೆ. ಕಲ್ಲು, ಮಣ್ಣನ್ನು ಮುಟ್ಟಿ ಹರಿದು ಬಂದ ಯಾವ ನೀರಿನಲ್ಲೂ ಕರಗಿದ ಲವಣ ಇದ್ದೇ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ ಕಾಲು ಗ್ರಾಂ ಉಪ್ಪಿದೆ ಎಂದಿಟ್ಟುಕೊಳ್ಳಿ. ನಾಲಿಗೆಗೆ ಅದು ಗೊತ್ತೂ ಆಗುವುದಿಲ್ಲ. ಒಂದು ಬೆಳೆ ಭತ್ತಕ್ಕೆ ಎಕರೆಗೆ ಒಟ್ಟು ನಾಲ್ಕು ಅಡಿ ನೀರು ಕಟ್ಟಿದರೆ ಅದು ಸುಮಾರು 49 ಲಕ್ಷ ಲೀಟರ್ ಆಗುತ್ತದೆ. ಅದರೊಳಗಿನ ಉಪ್ಪು ಸುಮಾರು 12 ಕ್ವಿಂಟಲ್. ಅಂದರೆ 50 ಕಿಲೋದ 24 ಮೂಟೆ ಉಪ್ಪನ್ನು ಒಂದೇ ಬೆಳೆಯಲ್ಲಿ ಒಂದೇ ಎಕರೆಗೆ ಸುರಿದ ಹಾಗಾಯಿತು. ಪೈರು ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಹೀರುತ್ತದೆ. ಉಪ್ಪಿನ ಬಹುಪಾಲು ಹೊಲದಲ್ಲೇ ಉಳಿಯುತ್ತದೆ. ಅದನ್ನು ಕರಗಿಸಿ ಬೇರಿನ ಆಳಕ್ಕಿಂತ ಕೆಳಗೆ ಒಯ್ದು, ಅಲ್ಲಿಂದ ಹಳ್ಳಕ್ಕೆ ಸೇರಿಸುವ ಹರಿವು ಇದ್ದರೆ ಹೊಲ ಉಳಿದೀತು. ಇಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಅದು ಕೂಡಿಕೊಳ್ಳುತ್ತ ಹೋಗುತ್ತದೆ.

ಇದರ ಜೊತೆಗೆ ನೆಲದಡಿಯ ಹಳೆಯ ಉಪ್ಪೂ ಇದೆ. ನಮ್ಮದು ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆ. ಶತಮಾನಗಳಿಂದ ಕರಗಿ ಹರಿದುಹೋಗಬೇಕಾದ ಲವಣ ಎರೆಮಣ್ಣಿನ ಕೆಳಪದರಗಳಲ್ಲಿ ಕೂತಿತ್ತು. ಅಂತರ್ಜಲ ಆಳದಲ್ಲಿದ್ದಷ್ಟು ಕಾಲ ಅದರಿಂದ ತೊಂದರೆ ಇರಲಿಲ್ಲ. ಕಾಲುವೆಯ ಸೋರಿಕೆ ಮತ್ತು ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ಸೇರಿ ಅಂತರ್ಜಲ ಮೇಲೇರಿತು. ಅದು ನೆಲದಿಂದ ಐದಾರು ಅಡಿಯೊಳಗೆ ಬಂದುಬಿಟ್ಟರೆ ಮುಂದಿನ ಕೆಲಸವನ್ನು ಬಿಸಿಲೇ ಮಾಡುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಣ್ಣಿನ ಸಣ್ಣ ಸಣ್ಣ ರಂಧ್ರಗಳು ಉಪ್ಪುನೀರನ್ನು ಮೇಲಕ್ಕೆ ಎಳೆಯುತ್ತವೆ. ನೀರು ಆವಿಯಾಗುತ್ತದೆ, ಉಪ್ಪು ಮೇಲ್ಪದರದಲ್ಲಿ ಉಳಿಯುತ್ತದೆ. ಹಿಂಗಾರಿ ಕೊಯ್ಲು ಮುಗಿದು ಏಪ್ರಿಲ್, ಮೇ ಬಿಸಿಲಿಗೆ ಹೊಲ ಬೆಳ್ಳಗಾಗುವುದು ಹೀಗೆ.

ಉಪ್ಪು ಬೆಳೆಯನ್ನು ಕೊಲ್ಲುವುದು ಬಾಯಾರಿಕೆಯಿಂದ. ಬೇರಿನ ಹೊರಗಿನ ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಆ ನೀರನ್ನು ಒಳಗೆ ಎಳೆದುಕೊಳ್ಳುವುದು ಬೇರಿಗೆ ಕಷ್ಟವಾಗುತ್ತದೆ. ಕಣ್ಣೆದುರು ನೀರು ನಿಂತಿರುತ್ತದೆ, ಪೈರು ಒಣಗುತ್ತಿರುತ್ತದೆ. ನಾಟಿ ಹಚ್ಚಿದ ಮೇಲೆ ಸಸಿಯ ಎಲೆಗಳ ತುದಿ ಬಿಳಿಚಿ ಸುರುಟುತ್ತದೆ, ಗದ್ದೆಯ ನಡುವೆ ಅಲ್ಲಲ್ಲಿ ಬೋಳು ತೇಪೆಗಳು ಕಾಣಿಸುತ್ತವೆ. ಉಪ್ಪು ಅಳೆಯುವ ಮೀಟರಿಗಿಂತ ಮೊದಲು ಇದನ್ನು ಗುರುತಿಸುವವರು ನಾಟಿ ಹಚ್ಚುವ ಹೆಣ್ಣುಮಕ್ಕಳು. "ಆ ಮಡಿಯಾಗ ಇಳಿದ್ರ ಹಿಮ್ಮಡಿ ಬಿರುಕು ಉರೀತಾವ್ರೀ" ಎಂದು ಅವರು ತೋರಿಸಿದ ಮಡಿಯ ಮಣ್ಣು ತಂದು ನೋಡಿದರೆ ಮೀಟರೂ ಅದನ್ನೇ ಹೇಳುತ್ತದೆ.

ಒಂದೇ ಹೆಸರು, ಎರಡು ರೋಗ

ಉಪ್ಪು ಹತ್ತಿದ ಹೊಲಗಳೆಲ್ಲ ಒಂದೇ ಬಗೆಯವಲ್ಲ. ರೈತರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಈ ವ್ಯತ್ಯಾಸ ತಿಳಿಯದೆ.

ಮೊದಲನೆಯದು ಲವಣ ಹೆಚ್ಚಾದ ಮಣ್ಣು. ಮೇಲೆ ಬಿಳಿ ಪುಡಿ ಇರುತ್ತದೆ, ಒಣಗಿದಾಗ ಕಾಲಿಟ್ಟರೆ ಮಣ್ಣು ಪುಸಪುಸ ಅನ್ನುತ್ತದೆ, ನೀರು ಕೆಳಗೆ ಇಳಿಯುತ್ತದೆ. ಎರಡನೆಯದು ಕ್ಷಾರ ಮಣ್ಣು. ಇಲ್ಲಿ ಸೋಡಿಯಂ ಮಣ್ಣಿನ ಕಣಗಳಿಗೇ ಅಂಟಿಕೊಂಡಿರುತ್ತದೆ. ರಸಸಾರ ಎಂಟೂವರೆ ದಾಟಿರುತ್ತದೆ. ಒದ್ದೆಯಾದಾಗ ಮಣ್ಣು ಕರಗಿ ಕೆಸರಾಗಿ ರಂಧ್ರಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಕಲ್ಲಾಗುತ್ತದೆ. ಮಳೆ ಬಿದ್ದು ವಾರವಾದರೂ ರಾಡಿ ನೀರು ಹಾಗೇ ನಿಂತಿರುತ್ತದೆ. ಎರಡೂ ಕೂಡಿದ ಹೊಲಗಳೂ ಇವೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ನಾನು ಎಲ್ಲರಿಗೂ ಹೇಳಿಕೊಡುತ್ತೇನೆ. ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಒಣಮಣ್ಣು ಹಾಕಿ, ಮಳೆನೀರು ತುಂಬಿ, ಚೆನ್ನಾಗಿ ಕುಲುಕಿ, ಅಲುಗಾಡದಂತೆ ರಾತ್ರಿಯೆಲ್ಲ ಇಡಿ. ಬೆಳಿಗ್ಗೆ ಮಣ್ಣು ತಳಕ್ಕೆ ಕೂತು ನೀರು ತಿಳಿಯಾಗಿದ್ದರೆ ಕ್ಷಾರದ ಅನುಮಾನ ಕಡಿಮೆ. ನೀರು ಇನ್ನೂ ರಾಡಿಯಾಗಿಯೇ ಇದ್ದರೆ ಸೋಡಿಯಂ ಹೆಚ್ಚಿರುವ ಸಾಧ್ಯತೆ ಇದೆ. ಇದು ಸುಳಿವು ಮಾತ್ರ. ಚಿಕಿತ್ಸೆಗೆ ಮೊದಲು ಪ್ರಯೋಗಾಲಯದ ವರದಿ ಬೇಕೇ ಬೇಕು. ಯಾಕೆಂದರೆ ಕ್ಷಾರ ಮಣ್ಣಿಗೆ ಜಿಪ್ಸಂ ಹಾಕಬೇಕು. ಅದರ ಕ್ಯಾಲ್ಸಿಯಂ ಸೋಡಿಯಂ ಇದ್ದ ಜಾಗಕ್ಕೆ ಕೂತು ಸೋಡಿಯಂ ಅನ್ನು ಬಿಡಿಸುತ್ತದೆ, ಬಿಟ್ಟ ಸೋಡಿಯಂ ನೀರಿನೊಂದಿಗೆ ಇಳಿದುಹೋಗುತ್ತದೆ. ಬರೀ ಲವಣದ ಹೊಲಕ್ಕೆ ಜಿಪ್ಸಂ ಸುರಿದರೆ ದುಡ್ಡು ದಂಡ. ಅಲ್ಲಿ ಬೇಕಾದ್ದು ಒಳ್ಳೆಯ ನೀರಿನಿಂದ ತೊಳೆಯುವುದು ಮತ್ತು ತೊಳೆದ ನೀರಿಗೆ ದಾರಿ. ಸೋಡಿಯಂ ಇರುವ ಹೊಲವನ್ನು ಜಿಪ್ಸಂ ಇಲ್ಲದೆ ಬರೀ ಸಿಹಿನೀರಿನಿಂದ ತೊಳೆದರೆ ಮಣ್ಣು ಇನ್ನಷ್ಟು ಕಟ್ಟಿಕೊಳ್ಳುತ್ತದೆ.

ಕೇಂದ್ರ ಸರ್ಕಾರ 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡ್ ಬಹಳ ಮನೆಗಳಲ್ಲಿದೆ. ರೈತರ ಕಣ್ಣು ನೇರವಾಗಿ ಸಾರಜನಕ, ರಂಜಕ, ಪೊಟ್ಯಾಶ್ ಸಾಲುಗಳಿಗೆ ಹೋಗುತ್ತದೆ. ಅದಕ್ಕೂ ಮೊದಲಿನ ಎರಡು ಸಾಲು ನೋಡಿ: ರಸಸಾರ ಮತ್ತು ಇ.ಸಿ. ಇ.ಸಿ. ಅಂದರೆ ಮಣ್ಣಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಅಳತೆ. ಕಾರ್ಡಿನಲ್ಲಿ ಅದು 1ರೊಳಗಿದ್ದರೆ ಚಿಂತೆ ಇಲ್ಲ. 1 ದಾಟಿದರೆ ಮೊಳಕೆಗೆ ತೊಂದರೆ ಶುರು, 4 ದಾಟಿದರೆ ಹೆಚ್ಚಿನ ಬೆಳೆಗಳಿಗೆ ಹಾನಿ. ಹಳೆಯ ಕಾರ್ಡಿನ ಅಂಕಿಗಿಂತ ಹೊಸ ಕಾರ್ಡಿನ ಅಂಕಿ ಏರಿದ್ದರೆ ಅದೇ ಎಚ್ಚರಿಕೆ.

ಕಾಲುವೆ ಕೊಟ್ಟದ್ದು, ಕಾಲುವೆ ತಂದದ್ದು

ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯ ಕೆಲಸ ಶುರುವಾದದ್ದು 1945ರಲ್ಲಿ, ಅಂದಿನ ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತದ ಜಂಟಿ ಯೋಜನೆಯಾಗಿ. 1953ರಲ್ಲಿ ನೀರು ನಿಂತಿತು. ಬರದಿಂದ ಬೆಂದಿದ್ದ ರಾಯಚೂರು, ಬಳ್ಳಾರಿ ಸೀಮೆಗೆ ಆಸರೆಯಾಗಲಿ ಎಂಬುದು ಉದ್ದೇಶ. ಸ್ವಲ್ಪ ಸ್ವಲ್ಪ ನೀರು ಬಹಳ ಹೊಲಗಳಿಗೆ ಸಿಗಬೇಕು. ಜೋಳ, ಹತ್ತಿ, ಶೇಂಗಾದಂಥ ಬೆಳೆ ಬರದಲ್ಲೂ ಕೈಗೆ ಬರಬೇಕು ಎಂದು ಲೆಕ್ಕ ಹಾಕಿದ್ದರು. ಭತ್ತಕ್ಕೆ ಗೊತ್ತುಮಾಡಿದ್ದು ಸಣ್ಣ ಪಾಲು.

ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿ, ಜಾಲಿ ಕಡಿದು, ಭತ್ತದ ಬೇಸಾಯ ನೆಲೆಗೊಳಿಸಿದರು. ಸ್ಥಳೀಯರೂ ಅವರಿಂದ ಕಲಿತರು. ಭತ್ತಕ್ಕೆ ಬೆಲೆ ಇತ್ತು, ಮಿಲ್ಲುಗಳು ಬಂದವು, ಗಂಗಾವತಿಗೆ ಭತ್ತದ ಕಣಜ ಎಂಬ ಹೆಸರು ಬಂತು. ಬೆಂಗಳೂರಿನ ಅಡುಗೆ ಮನೆಯಲ್ಲಿ ಇವತ್ತು ಬೇಯುವ ಸೋನಾ ಮಸೂರಿಯಲ್ಲಿ ನಮ್ಮ ಕಾಲುವೆಯ ಪಾಲು ದೊಡ್ಡದು. ಭತ್ತ ಹಚ್ಚಿದ ಯಾವ ರೈತನನ್ನೂ ನಾನು ದೂರುವುದಿಲ್ಲ. ಕೈಗೆ ದುಡ್ಡು ಬರುವ ಬೆಳೆ ಅದೊಂದೇ ಆಗಿದ್ದಾಗ ಬೇರೆ ಹಚ್ಚಿ ಎಂದು ಹೇಳುವುದು ಸುಲಭ, ಹಚ್ಚುವುದು ಕಷ್ಟ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತಕ್ಕೆ ನೀರು ನಿಂತಾಗ ಎರಡು ಪರಿಣಾಮ ಆದವು. ಕೊನೆ ಭಾಗದ ಹೊಲಗಳಿಗೆ ಕಾಲುವೆಯ ಪಾಲು ತಲುಪಲಿಲ್ಲ. ನಡುವಿನ ತಗ್ಗು ಹೊಲಗಳಿಗೆ ಮೇಲಿನವರ ಬಸಿನೀರು ಉಪ್ಪು ಹೊತ್ತು ಬಂತು. ಸಿಂಧನೂರು ಕಡೆಯ ಆ ಹಿರಿಯರ ಹೊಲ ಇಂಥದ್ದೇ.

ತುಂಗಭದ್ರಾ ಯೋಜನೆಯಲ್ಲಿ ಕರ್ನಾಟಕದ ಅಚ್ಚುಕಟ್ಟು ಸುಮಾರು 3.6 ಲಕ್ಷ ಹೆಕ್ಟೇರ್. ಅದರಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಸವಳಿಗೆ ಮತ್ತು ಜವಳಿಗೆ, ಅಂದರೆ ನೀರು ನಿಂತು ಕೆಡುವುದಕ್ಕೆ, ಸಿಕ್ಕಿದೆ ಎಂಬುದು ಕೃಷಿ ವಿಜ್ಞಾನಿಗಳು ಕೊಡುವ ಲೆಕ್ಕ. ಅಂದರೆ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ರಾಜ್ಯವೇ ಗಾಬರಿಯಾಯಿತು, ಆಗಬೇಕಾದ್ದೇ. ಹೊಲಗಳು ಒಂದೊಂದಾಗಿ ಕೈಬಿಟ್ಟುಹೋಗುವಾಗ ಅಂಥ ಗಾಬರಿ ಯಾರಿಗೂ ಆಗುವುದಿಲ್ಲ. ಮೊದಲು ಇಳುವರಿ ಇಳಿಯುತ್ತದೆ, ಆಮೇಲೆ ಹಿಂಗಾರಿ ನಿಲ್ಲುತ್ತದೆ, ಕೊನೆಗೆ ಹೊಲದಲ್ಲಿ ಬಳ್ಳಾರಿ ಜಾಲಿ ಏಳುತ್ತದೆ. ಮನೆಯ ಮಕ್ಕಳು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ.

ಊಟಕ್ಕೆ ಬೀಳುವ ಕೊರತೆ

ಇದು ನಮ್ಮ ಸೀಮೆಯ ಕಷ್ಟ ಮಾತ್ರ ಅಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಲ್ಲಿ, ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟುಗಳಲ್ಲಿ ಇದೇ ಕಥೆ ಇದೆ. ದೇಶದಲ್ಲಿ ಉಪ್ಪು ಹತ್ತಿದ ಭೂಮಿ 67 ಲಕ್ಷ ಹೆಕ್ಟೇರ್‌ಗೂ ಹೆಚ್ಚು. ಅದರಲ್ಲಿ ಸುಮಾರು 38 ಲಕ್ಷ ಹೆಕ್ಟೇರ್ ಕ್ಷಾರದ್ದು, ಉಳಿದದ್ದು ಲವಣದ್ದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 138 ಕೋಟಿ ಹೆಕ್ಟೇರ್ ನೆಲಕ್ಕೆ ಉಪ್ಪಿನ ಬಾಧೆ ಇದೆ. ಅದು ಭೂಭಾಗದ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಡಿಸೆಂಬರ್ 5ರ ವಿಶ್ವ ಮಣ್ಣು ದಿನವನ್ನು 2021ರಲ್ಲಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದರು.

ಬೆಳೆಗಳಿಗೆ ಉಪ್ಪು ತಡೆಯುವ ಶಕ್ತಿ ಒಂದೇ ಸಮ ಇರುವುದಿಲ್ಲ. ಮಣ್ಣನ್ನು ನೀರಲ್ಲಿ ಮುದ್ದೆಯಾಗುವಂತೆ ಕಲಸಿ, ಅದರಿಂದ ಹಿಂಡಿ ತೆಗೆದ ನೀರಿನ ಇ.ಸಿ. ಅಳೆಯುವ ಪದ್ಧತಿ ಇದೆ; ಇದರ ಅಂಕಿಗಳನ್ನು ಕಾರ್ಡಿನ ಅಂಕಿಗಳಿಗೆ ನೇರ ಹೋಲಿಸಬಾರದು. ಆ ಅಳತೆಯಲ್ಲಿ ಹುರುಳಿಕಾಯಿ 1ಕ್ಕೇ ಸೋಲುತ್ತದೆ, ಈರುಳ್ಳಿಯೂ ಹೆಚ್ಚು ತಡೆಯುವುದಿಲ್ಲ. ಭತ್ತ 3ರವರೆಗೆ ತಡೆಯುತ್ತದೆ. ಆಮೇಲೆ ಒಂದೊಂದು ಅಂಕಿ ಏರಿದಾಗಲೂ ಇಳುವರಿ ನೂರಕ್ಕೆ ಸುಮಾರು 12ರಂತೆ ಇಳಿಯುತ್ತದೆ. 6 ಮುಟ್ಟಿದರೆ ಮೂರರಲ್ಲಿ ಒಂದು ಪಾಲು ಭತ್ತ ಹೋಯಿತು. ಜೋಳ 6ರ ಮೇಲೂ, ಹತ್ತಿ 7ರ ಮೇಲೂ ನಿಲ್ಲುತ್ತವೆ. ಅಣೆಕಟ್ಟು ಕಟ್ಟಿದವರು ಜೋಳ, ಹತ್ತಿ ಎಂದದ್ದು ನೀರಿನ ಲೆಕ್ಕದಿಂದ. ಉಪ್ಪಿನ ಲೆಕ್ಕದಲ್ಲೂ ಈ ನೆಲಕ್ಕೆ ಆ ಬೆಳೆಗಳೇ ಹೊಂದುತ್ತವೆ.

ನಾಲ್ಕು ಸಾವಿರ ವರ್ಷಗಳ ಹಿಂದೆ, ಇವತ್ತಿನ ಇರಾಕಿನ ಟೈಗ್ರಿಸ್, ಯೂಫ್ರಟಿಸ್ ನದಿಗಳ ಬಯಲಿನಲ್ಲೂ ಕಾಲುವೆಗಳು ಹರಿಯುತ್ತಿದ್ದವು. ಅಲ್ಲಿನ ಸುಮೇರಿಯದ ದಾಖಲೆಗಳನ್ನು ಓದಿದ ವಿದ್ವಾಂಸರು ಶತಮಾನಗಳು ಕಳೆದಂತೆ ಗೋಧಿ ಹಿಂದೆ ಸರಿದು, ಉಪ್ಪನ್ನು ಹೆಚ್ಚು ತಡೆಯುವ ಬಾರ್ಲಿ ಹೊಲ ತುಂಬಿದ್ದನ್ನೂ ಇಳುವರಿ ಇಳಿದದ್ದನ್ನೂ ಗುರುತಿಸಿದ್ದಾರೆ. ಸುಮೇರಿಯದ ರೈತರ ಬಳಿ ಇ.ಸಿ. ಮೀಟರ್ ಇರಲಿಲ್ಲ. ನಮ್ಮ ಬಳಿ ಇದೆ. ಕಾರಣವೂ ಗೊತ್ತು, ಪರಿಹಾರವೂ ಗೊತ್ತು.

ಹೊಲ ಮತ್ತೆ ಬರುತ್ತದೆ

ಸವಳು ಹತ್ತಿದ ಹೊಲ ಸತ್ತಿತು ಎಂದು ಬಿಡಬೇಕಿಲ್ಲ. 1969ರಲ್ಲಿ ಶುರುವಾದ ಹರಿಯಾಣದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಜಿಪ್ಸಂ ಪದ್ಧತಿಯಿಂದ ಪಂಜಾಬ್, ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಸುಮಾರು 20 ಲಕ್ಷ ಹೆಕ್ಟೇರ್ ಕ್ಷಾರಭೂಮಿ ಮತ್ತೆ ಬೆಳೆ ಕೊಡುತ್ತಿದೆ. ಹುಲ್ಲೂ ಹುಟ್ಟದಿದ್ದ ಬಯಲಿನಲ್ಲಿ ಭತ್ತ, ಗೋಧಿ ಬಂದಿದೆ.

ನಮ್ಮ ಎರೆಭೂಮಿಗೆ ಮದ್ದು ಬೇರೆ, ಆದರೆ ಇದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹಳ ವರ್ಷಗಳಿಂದ ಇದೇ ಕೆಲಸದಲ್ಲಿದೆ. ಅವರ ಮುಖ್ಯ ಪಾಠ ಬಸಿಗಾಲುವೆಯದು. ಹೊಲದ ಅಂಚಿನಲ್ಲಿ ತೆರೆದ ಬಸಿಗಾಲುವೆ ತೋಡಬಹುದು. ಇನ್ನೂ ಒಳ್ಳೆಯದು ನೆಲದೊಳಗಿನ ಬಸಿಕೊಳವೆ. ಸುಮಾರು ಮೂರು ನಾಲ್ಕು ಅಡಿ ಆಳದಲ್ಲಿ, ತೂತುಗಳಿರುವ ಪ್ಲಾಸ್ಟಿಕ್ ಕೊಳವೆಗಳಿಗೆ ಮಣ್ಣು ಹೊಗದಂತೆ ಬಟ್ಟೆಯಂಥ ಜಾಲರಿ ಸುತ್ತಿ, ಸ್ವಲ್ಪ ಇಳಿಜಾರು ಕೊಟ್ಟು ಸಾಲಾಗಿ ಹೂಳುತ್ತಾರೆ. ಅವೆಲ್ಲ ಒಂದು ದೊಡ್ಡ ಕೊಳವೆಗೆ ಕೂಡಿ ಹಳ್ಳಕ್ಕೆ ಸೇರುತ್ತವೆ. ಮೇಲಿಂದ ಕೊಟ್ಟ ನೀರು ಉಪ್ಪನ್ನು ಕರಗಿಸಿಕೊಂಡು ಕೊಳವೆಗೆ ಇಳಿಯುತ್ತದೆ, ಕೊಳವೆ ಅದನ್ನು ಹೊರಗೆ ಒಯ್ಯುತ್ತದೆ. ಮೇಲೆ ಎಂದಿನಂತೆ ಉಳಬಹುದು, ಬಿತ್ತಬಹುದು.

ಇದರ ಕಷ್ಟವನ್ನೂ ಹೇಳಬೇಕು. ಒಬ್ಬ ರೈತ ಒಬ್ಬನೇ ಇದನ್ನು ಮಾಡಲಾರ. ಕೊಳವೆ ಪಕ್ಕದವರ ಹೊಲ ದಾಟಬೇಕು, ಹಳ್ಳದ ಮಟ್ಟ ಕೆಳಗಿರಬೇಕು. ನಮ್ಮ ಬಹಳಷ್ಟು ಹಳ್ಳಗಳು ಹೂಳು, ಜಂಬು ಹುಲ್ಲು ತುಂಬಿ ಹೊಲದ ಮಟ್ಟಕ್ಕೇ ಬಂದಿವೆ, ಕೆಲವೆಡೆ ಒತ್ತುವರಿಯಾಗಿ ಗದ್ದೆಯೇ ಆಗಿವೆ. ಮುಚ್ಚಿದ ಹಳ್ಳಕ್ಕೆ ಎಷ್ಟು ಕೊಳವೆ ಜೋಡಿಸಿದರೂ ನೀರು ಇಳಿಯುವುದಿಲ್ಲ. ಹೊರಗೆ ಹೋದ ಉಪ್ಪುನೀರು ಕೊನೆಗೆ ಕೆಳಗಿನವರ ಹೊಳೆಗೇ ಸೇರುತ್ತದೆ. ಆದ್ದರಿಂದ ಮೊದಲನೆಯ ಮದ್ದು ಕಡಿಮೆ ನೀರು ಕಟ್ಟುವುದು. ಕೆಸರು ಮಾಡಿ ನಾಟಿ ಹಚ್ಚುವ ಬದಲು ಕೂರಿಗೆಯಿಂದ ಭತ್ತ ಬಿತ್ತುವುದನ್ನು ನಮ್ಮ ಕಡೆ ಹಲವರು ಶುರುಮಾಡಿದ್ದಾರೆ. ಎರಡನೇ ಬೆಳೆಗೆ ಭತ್ತ ಬಿಟ್ಟು ಜೋಳವನ್ನೋ ಹತ್ತಿಯನ್ನೋ ಹಚ್ಚಿದರೆ ಅಂತರ್ಜಲ ಇಳಿಯಲು ಅವಕಾಶ ಸಿಗುತ್ತದೆ. ಭತ್ತಕ್ಕೆ ಮೊದಲು ಹಸಿರುಗೊಬ್ಬರದ ಬೆಳೆ ಡಯಾಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರೆ ಮಣ್ಣು ಸಡಿಲಾಗುತ್ತದೆ.

ಉಪ್ಪಿನ ಜೊತೆ ಬದುಕುವ ಹಳೆಯ ತಿಳಿವಳಿಕೆಯೂ ನಮ್ಮ ನಾಡಿನಲ್ಲೇ ಇದೆ. ಉತ್ತರ ಕನ್ನಡದ ಕುಮಟಾ ಕಡೆ, ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿನ ಗಜನಿ ಭೂಮಿಯಲ್ಲಿ ರೈತರು ಕಗ್ಗ ಎಂಬ ಭತ್ತ ಬೆಳೆಯುತ್ತ ಬಂದಿದ್ದಾರೆ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆಯುವ ಹೊತ್ತು ನೋಡಿ ಬಿತ್ತುತ್ತಾರೆ. ಕಗ್ಗ ಎತ್ತರ ಬೆಳೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತದೆ. ಗಜನಿಯನ್ನು ಕಾಯುವುದು ಊರವರು ಕೂಡಿ ನೋಡಿಕೊಳ್ಳುವ ಕಟ್ಟೆ ಮತ್ತು ನೀರು ಬಿಡುವ, ತಡೆಯುವ ಹಲಗೆಗಳು. ಕಟ್ಟೆ ಒಡೆದು ಉಪ್ಪುನೀರು ನಿಂತ ಕಡೆ, ಸಿಗಡಿ ಸಾಕಣೆಗೆ ಹೋದ ಕಡೆ ಕಗ್ಗ ಕಡಿಮೆಯಾಗಿದೆ. ಬೀಜ ಎಷ್ಟೇ ಗಟ್ಟಿಯಾಗಿದ್ದರೂ ನೀರಿನ ದಾರಿಯನ್ನು ಊರು ಕಾಯದಿದ್ದರೆ ಬೆಳೆ ನಿಲ್ಲುವುದಿಲ್ಲ. ಬಯಲುಸೀಮೆಗೂ ಇದೇ ಪಾಠ.

ಈ ಬೇಸಿಗೆಯಲ್ಲಿ ಮಾಡಬೇಕಾದ್ದು

ಕೊಯ್ಲು ಮುಗಿದ ಮೇಲೆ ಮಣ್ಣು ತೆಗೆಯಿರಿ. ಬದು, ತಿಪ್ಪೆ, ಮರದ ಬುಡ ಬಿಟ್ಟು, ಹೊಲದಲ್ಲಿ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದ ಗುಂಡಿ ತೆಗೆದು ಅರ್ಧ ಅಡಿಯವರೆಗಿನ ಮಣ್ಣನ್ನು ಕೆರೆದು ಕೂಡಿಸಿ. ಸವಳಿನ ಅನುಮಾನ ಇದ್ದರೆ ಅದೇ ಗುಂಡಿಯ ಒಂದು ಅಡಿ, ಎರಡು ಅಡಿ, ಮೂರು ಅಡಿ ಆಳದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ತನ್ನಿ. ಉಪ್ಪು ಎಲ್ಲಿ ಕೂತಿದೆ ಎಂದು ಆಗ ಮಾತ್ರ ತಿಳಿಯುತ್ತದೆ. ಬೋಳು ತೇಪೆಯ ಮಣ್ಣನ್ನು ಒಳ್ಳೆಯ ಮಣ್ಣಿನೊಂದಿಗೆ ಬೆರೆಸಬೇಡಿ. ಬೋರ್‌ವೆಲ್ ಇದ್ದರೆ ಅದರ ನೀರನ್ನೂ ಒಂದು ಬಾಟಲಿಯಲ್ಲಿ ತನ್ನಿ. ವರದಿ ಬರುವ ಮೊದಲು ಜಿಪ್ಸಂ ಕೊಳ್ಳಬೇಡಿ.

ಊರಿನವರು ಕೂಡಿ ಹಳ್ಳ ನೋಡಿ ಬನ್ನಿ. ಎಲ್ಲಿ ಹೂಳಿದೆ, ಎಲ್ಲಿ ಒತ್ತುವರಿಯಾಗಿದೆ ಎಂದು ಗುರುತು ಮಾಡಿ, ಗ್ರಾಮಸಭೆಯಲ್ಲಿ ಉದ್ಯೋಗ ಖಾತ್ರಿಯ ಕೆಲಸಗಳ ಪಟ್ಟಿಗೆ ಹಳ್ಳದ ಹೂಳೆತ್ತುವುದನ್ನು ಸೇರಿಸುವಂತೆ ಕೇಳಿ. ಕಾಲುವೆ ಆಧುನೀಕರಣಕ್ಕೆ ಹಣ ಕೊಡುವ ಸರ್ಕಾರ ಬಸಿಗಾಲುವೆಗೂ ಅದೇ ಕಡತದಲ್ಲಿ ಹಣ ಇಡಬೇಕು. ಹೊಸ ಏತ ನೀರಾವರಿ ಯೋಜನೆಗಳಿಗೆ ಶಂಕುಸ್ಥಾಪನೆ ಮಾಡುವ ಮುನ್ನ ನೀರು ಹೋಗುವ ದಾರಿಯ ನಕ್ಷೆ ತೋರಿಸಬೇಕು. ಪಟ್ಟಣದಲ್ಲಿ ಅನ್ನ ಉಣ್ಣುವ ಓದುಗರಿಗೂ ಒಂದು ಮಾತು: ಜೋಳ, ಸಿರಿಧಾನ್ಯಗಳನ್ನು ನೀವು ಒಳ್ಳೆಯ ಬೆಲೆ ಕೊಟ್ಟು ಕೊಂಡರೆ ನಮ್ಮ ರೈತರಿಗೆ ಎರಡನೇ ಭತ್ತ ಬಿಡುವ ಧೈರ್ಯ ಬರುತ್ತದೆ.

ಅಣೆಕಟ್ಟೆಯ ಹೂಳಿನ ಬಗ್ಗೆ, ಗೇಟಿನ ಬಗ್ಗೆ, ನೀರಿನ ಹಂಚಿಕೆಯ ಬಗ್ಗೆ ನಾವು ಮಾತಾಡುತ್ತೇವೆ, ಮಾತಾಡಲೇಬೇಕು. ಅದೇ ದನಿಯಲ್ಲಿ ಬಸಿಗಾಲುವೆಯನ್ನೂ ಕೇಳೋಣ. ತೊಳೆಯುವ ನೀರೂ ಬಸಿಯುವ ದಾರಿಯೂ ಸಿಕ್ಕರೆ ಇಂದಿನ ಸವಳು ಹೊಲ ಮತ್ತೆ ಬೆಳೆ ಕೊಡುತ್ತದೆ. ತಡಮಾಡಿದಷ್ಟೂ ಖರ್ಚು ಏರುತ್ತದೆ, ಹೊಲ ಕಡಿಮೆಯಾಗುತ್ತದೆ.